ಎಮ್ಮೆಗೆ ಗೂಟ ಐತಿ, ಸೈಕಲ್ಲಿಗೆ ಯಾಕಿಲ್ಲ?

ಚಿಕ್ಕೋಡಿಯಿಂದ ಮಾತಾಡಾಕತ್ತೀನಿ. ಈ ಕಂತಿಗಾಗಿ ಮೈಕ್ ಹಿಡಕೊಂಡು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಐದೂ ಕಡೆ ತಿರುಗಾಡಿ ಬಂದೆ. ಎಲ್ಲಾ ಕಡೆ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಸೈಕಲ್ಲಿಗೆ ಕೀಲಿ ಹೆಂಗ ಹಾಕ್ತೀರಿ?" ಬೆಂಗಳೂರು ಕಡೆ ಕೇಳುವವರಿಗೆ ಮೊದಲೇ ಹೇಳಿಬಿಡ್ತೀನಿ. ನಮ್ಮ ಕಡೆ ಬೀಗಕ್ಕೆ ಕೀಲಿ ಅಂತಾರೆ, ಅದನ್ನು ತೆಗೆಯೋದಕ್ಕೆ ಕೀಲಿಕೈ ಅಂತಾರೆ. ಇವತ್ತು ಈ ಎರಡು ಶಬ್ದ ಭಾಳ ಸಲ ಬರ್ತಾವ.

ನಾನು ಬಿ.ಕಾಂ. ಓದಿದವಳು, ಇಂಜಿನಿಯರ್ ಅಲ್ಲ. ಆದರೂ ಆರು ತಿಂಗಳಿಂದ ಒಂದು ಕೀಲಿ ಮಾಡೋಕೆ ಹೊರಟಿದ್ದೀನಿ. ಮಡಚಿದರೆ ಶಾಲೆ ಚೀಲದಲ್ಲಿ ಹಿಡಿಯಬೇಕು, ಬಿಚ್ಚಿದರೆ ಸೈಕಲ್ಲನ್ನೂ ಕಂಬವನ್ನೂ ಸೇರಿಸಿ ಕಟ್ಟಬೇಕು, ಕಳ್ಳನಿಗೆ ಸುಲಭಕ್ಕೆ ಜಗ್ಗಬಾರದು. ಈ ಹುಚ್ಚು ಯಾಕೆ ಹಿಡೀತು ಅಂತ ಮೊದಲು ಹೇಳ್ತೀನಿ.

ನಮ್ಮ ರಾಜ್ಯದಲ್ಲಿ 2006-07ರಿಂದ 8ನೇ ತರಗತಿ ಮಕ್ಕಳಿಗೆ ಸರ್ಕಾರದಿಂದ ಉಚಿತ ಸೈಕಲ್ ಕೊಡೋದು ಶುರುವಾಯಿತು. 2010ರಲ್ಲಿ ನನಗೂ ಒಂದು ಸಿಕ್ಕಿತು. ಹೈಸ್ಕೂಲು ನಮ್ಮ ಊರಿಂದ ಆರು ಕಿಲೋಮೀಟರ್. ನನ್ನ ಹಿಂದೆ ಕ್ಯಾರಿಯರ್ ಮೇಲೆ ಕೂತು ಬರುತ್ತಿದ್ದವಳು ನನ್ನ ಗೆಳತಿ. ಅವಳ ಸೈಕಲ್ಲನ್ನು ಅವರಣ್ಣ ಕೆಲಸಕ್ಕೆ ಒಯ್ಯುತ್ತಿದ್ದ. ಹೀಗೆ ಒಂದೇ ಸೈಕಲ್ ಮೇಲೆ ಇಬ್ಬರ ಓದು ನಡೆದಿತ್ತು.

ಒಂದು ದಿನ ಅವ್ವನ ಜೊತೆ ಪೇಟೆಗೆ ಹೋಗೋದಿತ್ತು. ಸೈಕಲ್ಲನ್ನು ರಸ್ತೆ ಕ್ರಾಸಿನ ಬೇವಿನ ಗಿಡದ ಕೆಳಗೆ ನಿಲ್ಲಿಸಿ, ಹಿಂದಿನ ಗಾಲಿಗೆ ಇರುವ ರಿಂಗ್ ಕೀಲಿ ಹಾಕಿ ಬಸ್ ಹತ್ತಿದೆ. ಸಂಜೆ ಬಂದು ನೋಡಿದರೆ ಗಿಡ ಇದೆ, ನೆರಳಿದೆ, ಸೈಕಲ್ ಇಲ್ಲ. ಕೀಲಿಕೈ ಮಾತ್ರ ನನ್ನ ಮುಷ್ಟಿಯೊಳಗೇ ಇತ್ತು. "ಕೀಲಿ ಹಾಕಿದ್ದೆ ಅವ್ವಾ" ಅಂತ ಎಷ್ಟು ಸಲ ಹೇಳಿದೆನೋ ಲೆಕ್ಕ ಇಲ್ಲ. ಅವ್ವ ನಂಬಿದಳು, ಅಪ್ಪ ನಂಬಲಿಲ್ಲ.

ನಾನು ಹೆಂಗೋ ನಡಕೋತ, ಯಾರದಾದರೂ ಗಾಡಿ ಹತ್ತಿ ಹೈಸ್ಕೂಲು ಮುಗಿಸಿದೆ. ಗೆಳತಿಯ ಮನೆಯವರು ಮಾತ್ರ, ದಿನಾ ಆರು ಕಿಲೋಮೀಟರ್ ಹುಡುಗಿ ನಡಕೊಂಡು ಹೋಗೋದು ಬೇಡ ಅಂದರು. ಅವಳದು 8ನೇತ್ತಕ್ಕೇ ನಿಂತಿತು. ಈಗ ಅವಳು ನಿಪ್ಪಾಣಿಯಲ್ಲಿದ್ದಾಳೆ, ಮನೆಯಲ್ಲಿ ಬೀಡಿ ಕಟ್ಟುತ್ತಾಳೆ. ಅವಳ ವಿಷಯಕ್ಕೆ ಕೊನೆಗೆ ಮತ್ತೆ ಬರ್ತೀನಿ.

ಆಗ ನಮ್ಮ ಓಣಿಯ ಅಜ್ಜ ಒಬ್ಬರು ಒಂದು ಮಾತು ಹೇಳಿದ್ದರು. "ಯವ್ವಾ, ನೀ ಎಮ್ಮಿ ಕಾಲು ಕಟ್ಟಿ ಬಿಟ್ಟಿದ್ದಿ, ಗೂಟಕ್ಕ ಕಟ್ಟಿರಲಿಲ್ಲ. ಕಾಲು ಕಟ್ಟಿದ ಎಮ್ಮಿ ತಾನಾಗೇ ಓಡಿ ಹೋಗೂದಿಲ್ಲ ಖರೆ. ಆದರ ಎತ್ತಿ ಟೆಂಪೋದಾಗ ಹಾಕ್ಕೊಂಡ್ರ ಏನ್ಮಾಡ್ತಿ?"

ರಿಂಗ್ ಕೀಲಿಯ ಕೆಲಸ ಅಷ್ಟೇ ನೋಡ್ರಿ. ಗಾಲಿ ತಿರುಗದಂತೆ ಮಾಡುತ್ತದೆ. ಹತ್ತು ನಿಮಿಷ ಅಂಗಡಿಗೆ ಹೋಗಿ ಬರೋದಕ್ಕೆ ಅದು ಸಾಕು. ಹತ್ತಿ ಓಡಿಸಿಕೊಂಡು ಹೋಗುವ ಕಳ್ಳನನ್ನು ಅದು ತಡೆಯುತ್ತದೆ, ಎತ್ತಿಕೊಂಡು ಹೋಗುವವನನ್ನು ತಡೆಯೋದಿಲ್ಲ. ನಮ್ಮ ಕಡೆಯ ಸೈಕಲ್ಲುಗಳಿಗೆ ಇರೋದು ಹೆಚ್ಚಾಗಿ ಅದೊಂದೇ.

ಕಟ್ಟಿಹಾಕುವ ಕೀಲಿಗಳಲ್ಲಿ ಮುಖ್ಯವಾಗಿ ಮೂರು ಜಾತಿ. ಒಂದು, ಸರಪಳಿ ಅಥವಾ ವೈರಿನದು. ಪ್ಲಾಸ್ಟಿಕ್ ಹೊದಿಸಿದ ತೆಳ್ಳನೆ ವೈರ್ ಕೀಲಿ ಪೇಟೆಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಕಟ್ಟರ್ ಇದ್ದವನಿಗೆ ಒಂದೇ ಹಿಚುಕು. ಎರಡು, ಇಂಗ್ಲಿಷಿನ ಯು ಅಕ್ಷರದಂಥ ಗಟ್ಟಿ ಸರಳಿನದು. ಅದು ಬಲವಾದದ್ದು, ಆದರೆ ಮಡಚೋಕೆ ಬರೋದಿಲ್ಲ, ದಪ್ಪ ಕಂಬಕ್ಕೆ ಹಿಡಿಯೋದಿಲ್ಲ. ಮೂರನೆಯದು ಮಡಚುವ ಕೀಲಿ. ಬಡಿಗರ ಹಳೆಯ ಮಡಚುವ ಅಳತೆಪಟ್ಟಿ ನೋಡಿದ್ದೀರಲ್ಲ, ಹಂಗೇ. ಉಕ್ಕಿನ ಪಟ್ಟಿಗಳನ್ನು ರಿವೆಟ್ ಹೊಡೆದು ಜೋಡಿಸಿರುತ್ತಾರೆ. ಜರ್ಮನಿಯ ಅಬುಸ್ ಅನ್ನುವ ಕಂಪನಿ ಬೋರ್ಡೋ ಅನ್ನೋ ಹೆಸರಲ್ಲಿ ಇದನ್ನು ಮಾಡುತ್ತದೆ. ಅದರ ಒಂದು ಮಾದರಿಯಲ್ಲಿ 5 ಮಿಲಿಮೀಟರ್ ದಪ್ಪದ ಪಟ್ಟಿಗಳು, ಬಿಚ್ಚಿದರೆ 90 ಸೆಂಟಿಮೀಟರ್, ಮಡಚಿದರೆ ಹತ್ತಿರತ್ತಿರ ಒಂದು ಗೇಣು. ಆದರೆ ಅದರ ಬೆಲೆಗೆ ನಮ್ಮ ಕಡೆ ಒಂದು ಹೊಸ ಸಾದಾ ಸೈಕಲ್ಲೇ ಬರುತ್ತದೆ. ಹಂಗಾಗಿ, ಇಲ್ಲೇ ಮಾಡೋಕೆ ಆಗುತ್ತದಾ ನೋಡೋಣ ಅಂತ ನಮ್ಮ ಊರಿನ ವೆಲ್ಡಿಂಗ್ ಅಂಗಡಿ ಕಾಕಾನ ಹತ್ತಿರ ಹೋದೆ.

ಕಾಕಾ ಮೊದಲು ನಕ್ಕರು. ಆಮೇಲೆ ಒಂದು ಮಾತು ಹೇಳಿದರು: "ಮುರೀಲಾರದ ಕೀಲಿ ಅಂತ ಯಾವದೂ ಇಲ್ಲವ್ವಾ. ಎಷ್ಟೊತ್ತು ತಡೀತದ ಅನ್ನೂದಷ್ಟ ಐತಿ." ಆಮೇಲೆ ಓದಿದಾಗ ಗೊತ್ತಾಯಿತು, ಬ್ರಿಟನ್ನಿನಲ್ಲಿ ಸೋಲ್ಡ್ ಸೆಕ್ಯೂರ್ ಅನ್ನುವ ಸಂಸ್ಥೆ ಕೀಲಿಗಳಿಗೆ ದರ್ಜೆ ಕೊಡೋದೂ ಹೀಗೇ. ಕಳ್ಳರು ಬಳಸುವಂಥ ಸಾಮಾನು ಹಿಡಿದು ನಿಜವಾಗಿ ಮುರಿಯಲು ನೋಡುತ್ತಾರೆ, ಯಾವ ಸಾಮಾನಿಗೆ ಎಷ್ಟು ಹೊತ್ತು ತಡೀತು ಅಂತ ಅಳೆಯುತ್ತಾರೆ. ನಾವೂ ಹಂಗೇ ಮಾಡಿದೆವು. ಕಳ್ಳನ ಪಾತ್ರ ನನ್ನ ತಮ್ಮನದು. ಅವನಿಗೆ ಆ ಪಾತ್ರ ಭಾಳ ಹಿಡಿಸಿತು.

ಮೊದಲನೇ ಕೀಲಿ. 25 ಮಿಲಿಮೀಟರ್ ಅಗಲ, 6 ಮಿಲಿಮೀಟರ್ ದಪ್ಪದ ಸಾದಾ ಕಬ್ಬಿಣದ ಪಟ್ಟಿ. ಕಿಟಕಿ, ಗೇಟು ಮಾಡೋಕೆ ಬಳಸುತ್ತಾರಲ್ಲ, ಅದೇ. ಆರು ತುಂಡು ಮಾಡಿ ರಿವೆಟ್ ಹೊಡೆದೆವು. ನೋಡೋಕೆ ಭಾರೀ ಇತ್ತು, ತೂಕವೂ ಪಟ್ಟಿಗಳದ್ದೇ ಒಂದು ಕಿಲೋ ದಾಟಿತು. ತಮ್ಮ ಹ್ಯಾಕ್ಸಾ ಬ್ಲೇಡ್ ಹಿಡಿದು ಕೂತ. ಮೂರು ನಿಮಿಷ ತಡೀಲಿಲ್ಲ. ಸಾದಾ ಕಬ್ಬಿಣ ಮೆತ್ತಗೆ, ಬ್ಲೇಡಿನ ಹಲ್ಲು ಸಲೀಸಾಗಿ ಇಳಿಯುತ್ತದೆ. ಭಾರ ಇದ್ದ ಮಾತ್ರಕ್ಕೆ ಗಟ್ಟಿ ಅಲ್ಲ ಅನ್ನೋದು ಅಲ್ಲಿ ಕಲಿತ ಮೊದಲ ಪಾಠ.

ಎರಡನೆಯದಕ್ಕೆ ಪಾಟಾ ತಂದೆವು. ಗಾಡಿಗಳ ಕೆಳಗೆ ಭಾರ ಹೊರುವ ಸ್ಪ್ರಿಂಗ್ ಪಟ್ಟಿ. ನಮ್ಮ ಕಡೆ ಕಬ್ಬು ಕಡಿಯುವ ಕೊಯ್ತಾ, ಕುಡಗೋಲು ಮಾಡೋಕೆ ಕಂಬಾರರು ಹುಡುಕೋದು ಇದನ್ನೇ. ಹಳೆ ಪಿಕಪ್ ಗಾಡಿಯ ತೆಳ್ಳನೆ ಪಾಟಾ ಗುಜರಿಯಲ್ಲಿ ಸಿಕ್ಕಿತು. ಆದರೆ ಅದಕ್ಕೆ ತೂತು ಕೊರೆಯೋಕೆ ಹೋದರೆ ಡ್ರಿಲ್ ಬಿಟ್ಟೇ ಸವೆದು ಹೋಯಿತು! ಆಗ ಕಾಕಾ ಪಕ್ಕದ ಓಣಿಯ ಕಂಬಾರ ಅಜ್ಜನನ್ನು ಕರೆದರು. ಅಜ್ಜ ಪಟ್ಟಿಯನ್ನು ಕೆಂಪಗೆ ಕಾಯಿಸಿ ಬೂದಿಯೊಳಗೆ ಹುಗಿದಿಟ್ಟರು. ಮರುದಿನಕ್ಕೆ ಅದು ಮೆತ್ತಗಾಗಿತ್ತು. ತೂತು ಕೊರೆದ ಮೇಲೆ ಮತ್ತೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರು. ಅಷ್ಟಕ್ಕೇ ಬಿಟ್ಟರೆ ಪಟ್ಟಿ ಅತಿ ಗಡಸಾಗುತ್ತದೆ. ಒಂದು ಪಟ್ಟಿಯನ್ನು ಹಂಗೇ ಬಿಟ್ಟು ನೋಡಿದೆವು. ಸುತ್ತಿಗೆಯ ಎರಡೇ ಏಟಿಗೆ ಚಕ್ಕಲಿ ಮುರಿದಂಗೆ ಮುರಿಯಿತು. ಅದಕ್ಕೇ ಅದ್ದಿದ ಮೇಲೆ ಇನ್ನೊಮ್ಮೆ ಹದವಾಗಿ ಬಿಸಿ ಮಾಡಬೇಕು. ಎಷ್ಟು ಬಿಸಿ ಅನ್ನೋದನ್ನು ಅಜ್ಜ ಉಕ್ಕಿನ ಮೇಲೆ ಮೂಡುವ ಬಣ್ಣ ನೋಡಿ ಹೇಳುತ್ತಿದ್ದರು. ಕಾಲೇಜಿನಲ್ಲಿ ಇದಕ್ಕೆ ಟೆಂಪರಿಂಗ್ ಅಂತಾರೆ. ಅಜ್ಜ ಶಾಲೆ ಮೆಟ್ಟಿಲು ಹತ್ತಿದವರಲ್ಲ.

ಈ ಸಲ ಹ್ಯಾಕ್ಸಾ ಬ್ಲೇಡ್ ಪಟ್ಟಿಯ ಮೇಲೆ ಜಾರಿತು, ಹತ್ತು ನಿಮಿಷ ಉಜ್ಜಿದರೂ ಬರೀ ಗೀರು. ನಾವು ಚಪ್ಪಾಳೆ ಹೊಡೆದೆವು. ತಮ್ಮ ಏನು ಮಾಡಿದ ಗೊತ್ತಾ? ಪಟ್ಟಿ ಬಿಟ್ಟ. ಕೀಲಿಯ ಸಡಿಲು ಸುತ್ತಿನೊಳಗೆ ಒಂದು ಹಾರಿ ತೂರಿಸಿ ತಿರುವಿದ. ಒಂದು ರಿವೆಟ್ ಟಪ್ ಅಂತ ಹಾರಿತು. ಒಂದು ನಿಮಿಷವೂ ಆಗಿರಲಿಲ್ಲ. ಮಡಚುವ ಕೀಲಿಯ ಜೀವ ಇರೋದು ಕೀಲುಗಳಲ್ಲಿ. ಸುತ್ತು ಎಷ್ಟು ಸಡಿಲವೋ ಕಳ್ಳನ ಹಾರಿಗೆ ಅಷ್ಟು ಜಾಗ.

ಮೂರನೆಯದರಲ್ಲಿ ಈ ತಪ್ಪುಗಳನ್ನು ತಿದ್ದಿದೆವು. ರಿವೆಟ್ ದಪ್ಪ ಮಾಡಿದೆವು. ಅದರ ತಲೆ ಪಟ್ಟಿಯ ಮೇಲೆ ಎದ್ದು ಕಾಣದಂತೆ ಒಳಗೆ ಕೂರಿಸಿದೆವು, ಯಾಕಂದರೆ ಎದ್ದಿದ್ದರೆ ಉಳಿ ಇಟ್ಟು ಹಾರಿಸಬಹುದು. ಎರಡು ಪಟ್ಟಿಗಳ ನಡುವೆ ಬ್ಲೇಡ್ ತೂರದಷ್ಟೇ ಸಂದು ಬಿಟ್ಟೆವು. ಪಟ್ಟಿಗೆ ಪಟ್ಟಿ ವೆಲ್ಡಿಂಗ್ ಮಾಡಲಿಲ್ಲ, ಯಾಕಂದರೆ ವೆಲ್ಡಿಂಗಿನ ಬಿಸಿಗೆ ಹದ ಕೊಟ್ಟ ಉಕ್ಕು ಅಕ್ಕಪಕ್ಕ ಮತ್ತೆ ಮೆತ್ತಗಾಗುತ್ತದೆ. ಕೊನೆಗೆ ಹಾಕೋಕೆ, ಅಂಗಡಿ ಶಟರಿಗೆ ಬಳಸುವ, ಕೊಂಡಿ ಹೊರಗೆ ಕಾಣದ ಗುಂಡನೆ ಕೀಲಿ ತಂದೆವು. ಮತ್ತೆ, ಇದು ನೆನಪಿಡ್ರಿ, ಉದ್ದವನ್ನು 60 ಸೆಂಟಿಮೀಟರಿಗೆ ಇಳಿಸಿದೆವು. ಸುತ್ತು ಸಣ್ಣದಾಯಿತು, ಹಾರಿಗೆ ಜಾಗ ಇಲ್ಲ. ಪಟ್ಟಿಗಳ ತೂಕವೂ ಮುಕ್ಕಾಲು ಕಿಲೋ ಹತ್ತಿರಕ್ಕೆ ಬಂತು.

ತಮ್ಮ ಸುತ್ತಿಗೆ, ಉಳಿ ಹಿಡಿದು ಒಂಬತ್ತು ನಿಮಿಷ ಬಡಿದ. ಓಣಿಯ ನಾಯಿಗಳೆಲ್ಲಾ ಬೊಗಳಿದವು, ಪಕ್ಕದ ಮನೆಯವರು ಹೊರಗೆ ಬಂದು "ಏನ ನಡಸೀರಿ?" ಅಂತ ಕೇಳಿದರು. ಕೀಲಿ ಮುರಿದದ್ದಕ್ಕಿಂತ ಆ ಪ್ರಶ್ನೆ ಬಂದದ್ದು ನನಗೆ ಖುಷಿ ಕೊಟ್ಟಿತು. ಸದ್ದು ಆಗಬೇಕು, ಹೊತ್ತು ಹಿಡಿಯಬೇಕು, ಜನ ಹೊರಗೆ ಬರಬೇಕು. ಕೀಲಿಯ ಕೆಲಸ ಅದೇ. ಆಮೇಲೆ ಕಾಕಾ ತಮ್ಮ ಗ್ರೈಂಡರ್ ತಂದರು. ಒಂದೂವರೆ ನಿಮಿಷ. ಸುಳ್ಳು ಹೇಳೋದಿಲ್ಲ, ಗ್ರೈಂಡರ್ ಮುಂದೆ ನಮ್ಮ ಪಾಟಾ ನಿಲ್ಲಲಿಲ್ಲ. ಬ್ರಿಟನ್ನಿನ ಹಿಪ್‌ಲಾಕ್, ಲೈಟ್‌ಲಾಕ್ ಕಂಪನಿಗಳು ಗ್ರೈಂಡರಿನ ಚಕ್ರವನ್ನೇ ಸವೆಸಿಬಿಡುವ ವಸ್ತು ಹೊದಿಸಿದ ಕೀಲಿ ಮಾಡಿವೆ. ಅವುಗಳ ಬೆಲೆಗೆ ನಮ್ಮ ಕಡೆ ಎರಡು ಮೂರು ಸೈಕಲ್ ಬರುತ್ತವೆ.

ಉಕ್ಕಿನ ಮಾತಾಯಿತು, ಈಗ ಕೀಲಿಕೈ ಹಾಕುವ ತೂತಿನ ಮಾತು. ಅಮೆರಿಕದ ಕ್ರಿಪ್ಟೊನೈಟ್ ಅನ್ನೋದು ಯು ಆಕಾರದ ಕೀಲಿಗೆ ಜಗತ್ತಿನಲ್ಲೇ ಹೆಸರಾದ ಕಂಪನಿ. 2004ರಲ್ಲಿ ಯಾರೋ ಒಂದು ಸಾದಾ ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯನ್ನು ಅದರ ದುಂಡನೆ ತೂತಿಗೆ ಒತ್ತಿ ತಿರುವಿದರು, ಕೀಲಿ ತೆರೆಯಿತು. ಆ ವಿಡಿಯೋ ಹಬ್ಬಿತು, ಕಂಪನಿ ಲಕ್ಷಗಟ್ಟಲೆ ಕೀಲಿಗಳನ್ನು ಬದಲಿಸಿ ಕೊಡಬೇಕಾಯಿತು. ಸರಳು ಎಷ್ಟೇ ಗಟ್ಟಿ ಇರಲಿ, ತೂತು ದುರ್ಬಲ ಇದ್ದರೆ ಮುಗೀತು. ಕೀಲಿಕೈ ಬೇಡ, ನಂಬರ್ ತಿರುಗಿಸೋದು ಹಾಕೋಣ ಅಂದರೆ ಅದಕ್ಕೂ ಲೆಕ್ಕ ಇದೆ. ಮೂರು ಅಂಕಿ ಅಂದರೆ 1000 ಜೋಡಣೆ. ಸೆಕೆಂಡಿಗೆ ಒಂದರಂತೆ ತಿರುಗಿಸಿದರೂ ಹದಿನೇಳು ನಿಮಿಷದೊಳಗೆ ಎಲ್ಲಾ ಮುಗಿಯುತ್ತವೆ. ನಾಲ್ಕು ಅಂಕಿ ಆದರೆ ಸುಮಾರು ಎರಡು ಮುಕ್ಕಾಲು ತಾಸು.

ಇನ್ನು ಐದು ಊರುಗಳಲ್ಲಿ ಕೇಳಿದ್ದು. ಕಾಗವಾಡದ ಕಡೆ ಕಬ್ಬಿನ ಹಂಗಾಮಿನಲ್ಲಿ ಕೆಲಸಕ್ಕೆ ಹೋಗುವ ಒಬ್ಬ ಕಾಕಾ ಅಂದರು: "ಕೆಸರು, ಧೂಳು ಹೊಕ್ಕು ಕೀಲಿ ಹಿಡಕೊಂಡ್ರ ನಾನ ಹೊರಗ ನಿಲ್ಲಬೇಕಾಗ್ತದ, ಕಳ್ಳ ಅಲ್ಲ." ಹಂಗಾಗಿ ತೂತಿಗೆ ರಬ್ಬರ್ ಮುಚ್ಚಳ ಹಾಕಿದೆವು. ರಾಯಬಾಗದಲ್ಲಿ ಒಬ್ಬ ಹುಡುಗ ಉಡದಾರಕ್ಕೆ ಕಟ್ಟಿದ್ದ ಕೀಲಿಕೈ ತೋರಿಸಿ, "ಅಕ್ಕಾ, ಎರಡ ಕೀಲಿಕೈ ಕೊಡ್ರಿ, ಒಂದು ಅವ್ವನ ಹಂತೇಕ ಇರ್ಲಿ" ಅಂದ. ಅಥಣಿಗೆ ಹೋದಾಗ ಇನ್ನೊಂದು ಸಮಸ್ಯೆ ಬಗೆಹರಿಯಿತು. ಮಡಚಿದ ಕೀಲಿ ಸೈಕಲ್ ಪೈಪಿಗೆ ಬಡಿದು ಕಟಕಟ ಅನ್ನುತ್ತಿತ್ತು. ಅಥಣಿಯ ಚಪ್ಪಲಿ ಕೆಲಸ ನಿಮಗೆ ಗೊತ್ತೇ ಇದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ ಜಿಲ್ಲೆಯೂ ಸೇರಿತ್ತು. ಅಲ್ಲಿನ ಚಪ್ಪಲಿ ಹೊಲಿಯುವ ಅಣ್ಣ ಒಬ್ಬರು ಉಳಿದ ಚರ್ಮದ ತುಂಡಿನಿಂದ ಒಂದು ಚೀಲ ಹೊಲಿದು ಪೈಪಿಗೆ ಬಿಗಿದು ಕೊಟ್ಟರು. ದುಡ್ಡು ಕೇಳಿದರೆ, "ಮೊದಲ ಕೀಲಿ ಮಾಡ್ರಿ, ಆಮ್ಯಾಲ ನೋಡೂಣು" ಅಂದರು.

ಆದರೆ ಎಲ್ಲಾ ಊರಲ್ಲೂ ಒಂದು ಮಾತು ಮತ್ತೆ ಮತ್ತೆ ಬಂತು. "ಕಟ್ಟೂದು ಯಾವದಕ್ಕ್ರಿ?" ಬಸ್ ಸ್ಟ್ಯಾಂಡಿನ ಹೊರಗೆ, ರಸ್ತೆ ಕ್ರಾಸಿನಲ್ಲಿ, ಸಂತೆಯಲ್ಲಿ, ಸೈಕಲ್ ನಿಲ್ಲಿಸುವ ಕಡೆ ಇರೋದು ಬೇವಿನ ಗಿಡ, ಇಲ್ಲವೇ ಬಯಲು. ದೊಡ್ಡ ಗಿಡದ ಬೊಡ್ಡೆ ಸುತ್ತಬೇಕು ಅಂದರೆ ಕೀಲಿ ಒಂದೂವರೆ ಮೀಟರ್ ಆದರೂ ಬೇಕು. ಅಷ್ಟುದ್ದ ಮಾಡಿದರೆ ಪಟ್ಟಿಗಳೇ ಒಂದು ಮುಕ್ಕಾಲು ಕಿಲೋ ಆಗುತ್ತವೆ. ಎಂಟನೇ ಕ್ಲಾಸಿನ ಹುಡುಗಿ ಪುಸ್ತಕದ ಜೊತೆ ಅದನ್ನೂ ಹೊರಬೇಕಾ? ಮೇಲಾಗಿ ಸುತ್ತು ಸಡಿಲಾಗಿ ಮತ್ತೆ ಹಾರಿಗೆ ದಾರಿ.

ಈಗ ನಾನು ಕಲಿತ ವಿದ್ಯೆಗೆ ಬರ್ತೀನಿ, ಲೆಕ್ಕಕ್ಕೆ. ಮೂರನೇ ಕೀಲಿಗೆ ಪಾಟಾ, ಶಟರ್ ಕೀಲಿ, ಕಾಕಾ ಮತ್ತು ಅಜ್ಜನ ಕೂಲಿ ಸೇರಿ ನನಗೆ ಬಂದ ಖರ್ಚು 860 ರೂಪಾಯಿ. ಹೆಚ್ಚು ಸಂಖ್ಯೆಯಲ್ಲಿ ಮಾಡಿದರೆ ಇಳಿಯಬಹುದು. ಆದರೆ ಹಳೆಯದಾದ ಒಂದು ಸೈಕಲ್ಲಿನ ಬೆಲೆ ಎರಡು ಮೂರು ಸಾವಿರ. ಅದಕ್ಕೆ 860ರ ಕೀಲಿ ಹಾಕು ಅಂದರೆ ಯಾವ ಅಪ್ಪ ಒಪ್ಪುತ್ತಾನೆ? ನಮ್ಮಪ್ಪನೂ ಒಪ್ಪುತ್ತಿರಲಿಲ್ಲ.

ಅದೇ ಬೆಲೆಯ ಮೇಲೆ ಇನ್ನೊಂದು ಲೆಕ್ಕ ನಿಂತಿದೆ, ಇದನ್ನು ಲಕ್ಷ್ಯ ಕೊಟ್ಟು ಕೇಳ್ರಿ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 303(2)ನೇ ಕಲಂ ಪ್ರಕಾರ, ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಕದ್ದವನು ಮೊದಲ ಸಲ ಅಪರಾಧಿ ಅಂತ ಸಾಬೀತಾಗಿ, ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆ. ಇದು ತಪ್ಪು ಅಂತ ನಾನು ಹೇಳೋದಿಲ್ಲ. ಹೊಟ್ಟೆಗಿಲ್ಲದೆ ಮೊದಲ ಸಲ ಕದ್ದವನನ್ನು ಜೈಲಿಗೆ ಹಾಕಿ ಏನು ಬಂತು? ಆದರೆ ಇದರ ಜೊತೆಗೆ 5,000ಕ್ಕಿಂತ ಕಡಿಮೆ ಬೆಲೆಯ ಕಳ್ಳತನ ಅಸಂಜ್ಞೇಯ ಅಪರಾಧ ಆಗಿದೆ. ಅಂದರೆ ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರು ತನಿಖೆ ಶುರು ಮಾಡೋಕೆ ಬರೋದಿಲ್ಲ. ನಿಮ್ಮ ಮಾಹಿತಿ ಬರೆದುಕೊಂಡು ಮ್ಯಾಜಿಸ್ಟ್ರೇಟರ ಹತ್ತಿರ ಹೋಗಿ ಅನ್ನುತ್ತಾರೆ. ಹಳೆ ಕಾನೂನಿನಲ್ಲಿ ಕಳ್ಳತನಕ್ಕೆ ಹೀಗೆ ಬೆಲೆಯ ಗೆರೆ ಇರಲಿಲ್ಲ.

ದಿನಗೂಲಿ ಬಿಟ್ಟು ಕೋರ್ಟಿಗೆ ಯಾರು ಹೋಗ್ತಾರ್ರಿ, ಎರಡು ಸಾವಿರದ ಸೈಕಲ್ಲಿಗೆ? ಪುಸ್ತಕದ ಲೆಕ್ಕದಲ್ಲಿ ಅದು ಸವೆದು ಹೋದ ಆಸ್ತಿ. ನಮ್ಮ ಮನೆಯ ಲೆಕ್ಕದಲ್ಲಿ ಅದು ಇಬ್ಬರು ಹುಡುಗಿಯರ ಹೈಸ್ಕೂಲು ಆಗಿತ್ತು. ಆ ಸರ್ಕಾರಿ ಸೈಕಲ್ ವಿತರಣೆಯೂ ಕೊರೋನಾ ವರ್ಷದಲ್ಲಿ ನಿಂತಿತು. ಅಂದರೆ ಹೋದ ಸೈಕಲ್ಲನ್ನು ಹುಡುಕುವ ದಾರಿ ಕಿರಿದಾಯಿತು, ಹೊಸದು ಬರುವ ಬಾಗಿಲೂ ಮುಚ್ಚಿತು. ಇದ್ದದ್ದನ್ನು ಉಳಿಸಿಕೊಳ್ಳೋದು ಮೊದಲಿಗಿಂತ ದೊಡ್ಡ ಮಾತಾಗಿದೆ.

ಆರು ತಿಂಗಳ ಮೇಲೆ ನನಗೆ ಅನಿಸಿದ್ದು ಇಷ್ಟು. ನಾನು ಕೀಲಿಯಿಂದ ಶುರು ಮಾಡಿದ್ದೇ ತಪ್ಪು, ಗೂಟದಿಂದ ಶುರು ಮಾಡಬೇಕಿತ್ತು. ಎರಡು ಇಂಚಿನ ಕಬ್ಬಿಣದ ಪೈಪನ್ನು ತಿರುಗಾಮುರುಗಾ ಯು ಆಕಾರದಲ್ಲಿ ಬಗ್ಗಿಸಿ, ಎರಡೂ ಕಾಲು ಕಾಂಕ್ರೀಟಿನಲ್ಲಿ ಹುಗಿಯೋದು. ಇಂಗ್ಲೆಂಡಿನಲ್ಲಿ ಇದಕ್ಕೆ ಶೆಫೀಲ್ಡ್ ಸ್ಟ್ಯಾಂಡ್ ಅಂತಾರೆ. ಒಂದು ಪೈಪಿಗೆ ಎರಡು ಸೈಕಲ್, ಆಚೆ ಒಂದು ಈಚೆ ಒಂದು. ಮುಂದಿನ ಗಾಲಿ ಮಾತ್ರ ಸಿಗಿಸುವ ಸ್ಟ್ಯಾಂಡ್ ಬೇಡ. ಅದರಲ್ಲಿ ಗಾಲಿ ಕಟ್ಟಿದರೆ ನಟ್ ಬಿಚ್ಚಿ ಗಾಲಿ ಅಲ್ಲೇ ಬಿಟ್ಟು ಉಳಿದದ್ದನ್ನು ಒಯ್ಯಬಹುದು. ಪೈಪ್ ಇದ್ದರೆ ಸೈಕಲ್ಲಿನ ಚೌಕಟ್ಟನ್ನೇ ಕಟ್ಟಬಹುದು, ಅದಕ್ಕೆ 60 ಸೆಂಟಿಮೀಟರಿನ ಕೀಲಿ ಸಾಕು. ಸಣ್ಣ ಕೀಲಿ ಅಂದರೆ ಹಗುರ, ಅಗ್ಗ, ಬಿಗಿ. ಕೈಯಲ್ಲಿ ದುಡ್ಡಿಲ್ಲದವನು ಸಾದಾ ಸರಪಳಿ ಹಾಕಿ ಕಟ್ಟಿದರೂ, ಎತ್ತಿ ಟೆಂಪೋದಲ್ಲಿ ಹಾಕಿಕೊಳ್ಳೋದು ತಪ್ಪುತ್ತದೆ. ಅದನ್ನು ಕತ್ತಲೆ ಮೂಲೆಯಲ್ಲಿ ಹುಗಿಯಬಾರದು, ಚಹಾ ಅಂಗಡಿ ಎದುರಿಗೆ, ನಾಲ್ಕು ಜನರ ಕಣ್ಣಿಗೆ ಬೀಳುವ ಕಡೆ ಇರಬೇಕು. ಸದ್ದು ಕೇಳಿದರೆ ಜನ ಹೊರಗೆ ಬರಬೇಕಲ್ಲ!

ಹಂಗಾದರೆ ನಾವು ಏನು ಮಾಡಬಹುದು? ಮೂರು ಕೆಲಸ ಹೇಳ್ತೀನಿ. ಇವತ್ತೇ ನಿಮ್ಮ ಸೈಕಲ್ಲಿನ ಫ್ರೇಮ್ ನಂಬರ್ ನೋಡ್ರಿ. ಸೀಟಿನ ಕೆಳಗಿನ ಪೈಪಿನ ಮೇಲೆ, ಇಲ್ಲವೇ ಪೆಡಲ್ ತಿರುಗುವ ಜಾಗದ ಕೆಳಗೆ ಒತ್ತಿರುತ್ತಾರೆ. ಅದರದ್ದೂ, ಬಿಲ್ಲಿನದ್ದೂ, ಇಡೀ ಸೈಕಲ್ಲಿನದ್ದೂ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಎರಡನೆಯದು, ರಿಂಗ್ ಕೀಲಿ ಇದ್ದರೂ ಚೌಕಟ್ಟನ್ನು ಯಾವುದಾದರೂ ಅಲುಗದ ವಸ್ತುವಿಗೆ ಸರಪಳಿಯಿಂದ ಕಟ್ಟಿ. ಮೂರನೆಯದು, ಮುಂದಿನ ಗ್ರಾಮಸಭೆಯಲ್ಲಿ, ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ಎದ್ದು ನಿಂತು ಹತ್ತು ಗೂಟ ಕೇಳಿ. ಸೈಕಲ್ ಗೂಟ ಅಂದರೆ ನಗಬಹುದು. ನಗಲಿ, ಆದರೆ ನಡವಳಿಯಲ್ಲಿ ಬರೆಸಿ.

ಕೊನೆಗೆ, ನನ್ನ ಗೆಳತಿ. ನಿಪ್ಪಾಣಿಯಲ್ಲಿ ಅವಳ ಮನೆಗೆ ಹೋದಾಗ ಮೊರದ ತುಂಬ ಎಲೆ, ತಂಬಾಕು ಇಟ್ಟುಕೊಂಡು ಕೂತಿದ್ದಳು. ನಾನು ಮೂರನೇ ಕೀಲಿ ಬಿಚ್ಚಿ, ಮಡಚಿ ತೋರಿಸಿದೆ. ಕೈ ಬೀಡಿ ಸುತ್ತೋದು ನಿಲ್ಲಿಸಲಿಲ್ಲ, ನೋಡಿದಳು. "ಈಗ ಕೀಲಿ ಮಾಡಾಕತ್ತೀ ಏನ? ಹದಿನೈದು ವರ್ಷ ತಡಾ ಆತಲ್ಲಲೇ" ಅಂದಳು. ಇಬ್ಬರೂ ನಕ್ಕೆವು. ಆಮೇಲೆ ಅವಳೇ ಕೇಳಿದಳು, "ಆ ಸೈಕಲ್ ಸೀಟಿಗೆ ನಾವು ಹಸಿರು ಕವರ್ ಹಾಕಿದ್ವಿ, ನೆನಪೈತೇನ?" ನನಗೆ ನೆನಪಿರಲಿಲ್ಲ. ಅವಳಿಗಿತ್ತು.

ಅವಳ ಮಗಳು ಈಗ ನಾಲ್ಕನೇ ಕ್ಲಾಸು. ಹೈಸ್ಕೂಲಿಗೆ ಇನ್ನೂ ನಾಲ್ಕು ವರ್ಷ ಇದೆ. ಕೀಲಿಯನ್ನು ಅಲ್ಲೇ ಬಿಟ್ಟು ಬಂದಿದ್ದೀನಿ, ಚರ್ಮದ ಚೀಲದ ಸಮೇತ. ಆ ಹುಡುಗಿಯ ಶಾಲೆ ಮುಂದೆ ಗೂಟ ಹುಗಿಸೋಕೆ ನಮಗೆ ಇರೋದು ಅಷ್ಟೇ ಟೈಮು.

ನಿಮ್ಮ ಊರಲ್ಲಿ ಸೈಕಲ್ ಎಲ್ಲಿ ಕಟ್ಟುತ್ತೀರಿ, ಹೆಂಗ ಕಟ್ಟುತ್ತೀರಿ, ನನಗೆ ತಿಳಿಸ್ರಿ. ಮುಂದಿನ ಕಂತಿನಲ್ಲಿ ಸಿಗೋಣು. ಬರ್ತೀನ್ರಿ, ನಮಸ್ಕಾರ.